ಬೂದೆಪ್ಪ ಕಾಕಾ ಕೆತ್ತಿದ ಜಪಾನಿ ಹಡಗುಗಳು

ರಾಯಚೂರಿನಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಮುಟ್ಟಲು ಒಂದು ಹಗಲು ಒಂದು ರಾತ್ರಿ ಬೇಕು. ನಮ್ಮ ಕಡೆಯವರಿಗೆ ದೊಡ್ಡ ನೀರೆಂದರೆ ಕೃಷ್ಣೆ, ಅದೂ ಬೇಸಿಗೆಯಲ್ಲಿ ಎಮ್ಮೆ ದಾಟುವಷ್ಟು. ಅಂಥ ಊರಿನ ಓಣಿಯೊಂದರಲ್ಲಿ ಒಬ್ಬ ಮನುಷ್ಯ ವರ್ಷಕ್ಕೊಂದರಂತೆ ಜಪಾನಿನ ಯುದ್ಧದ ಹಡಗು ಕೆತ್ತುತ್ತ ಕೂತಿದ್ದ ಎಂದರೆ ಯಾರಿಗಾದರೂ ನಗು ಬರುತ್ತದೆ. ನನಗೂ ಬಂದಿತ್ತು. ಆಮೇಲೆ ಸಿಟ್ಟು ಬಂತು. ಅಳು ಬಂದದ್ದು ಬಹಳ ತಡವಾಗಿ.

1973ರಲ್ಲಿ ಕವಿತಾಳದಿಂದ ರಾಯಚೂರಿನ ಪ್ರಾಥಮಿಕ ಶಾಲೆಗೆ ನನಗೆ ವರ್ಗವಾಯಿತು. ಒಂಟಿ ಹೆಣ್ಣಿಗೆ, ಅದೂ ನಮ್ಮ ಕೇರಿಯ ಹೆಣ್ಣಿಗೆ, ಆಗ ಊರೊಳಗೆ ಮನೆ ಕೊಡುವವರು ಕಡಿಮೆ. ತೀನ್ ಕಂದೀಲ್ ಹಿಂದಿನ ಓಣಿಯಲ್ಲಿ ಬೂದೆಪ್ಪ ಎಂಬಾತ ತನ್ನ ಮನೆಯ ಮುಂದಿನ ಕೋಣೆ ಕೊಟ್ಟ. ಆತ ಜಾತಿ ಕೇಳಲಿಲ್ಲ. ಆತನ ಹೆಂಡತಿ ಯಂಕಮ್ಮ ಕೇಳಿದಳು, ನಾನು ಹೇಳಿದೆ. "ಆತು ತಗೋ, ನೀರು ಮಾತ್ರ ಸುಮ್ಮನ ಚೆಲ್ಲಬ್ಯಾಡ" ಎಂದು ಕೀಲಿಕೈ ಕೊಟ್ಟಳು. ಅವರಿಗೆ ಮಕ್ಕಳಿರಲಿಲ್ಲ. ಬೂದೆಪ್ಪ ಗಂಜ್ ಹತ್ತಿರದ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್. ವಯಸ್ಸು ಐವತ್ನಾಲ್ಕರ ಆಸುಪಾಸು. ನಾನು ಆತನನ್ನು ಕಾಕಾ ಎನ್ನತೊಡಗಿದೆ.

ಮೊದಲ ಭಾನುವಾರವೇ ಒಳಗಿನ ಪಡಸಾಲೆಯಲ್ಲಿ ಹಡಗು ಕಂಡೆ. ಎರಡು ಅಡಿ ಉದ್ದ, ಎರಡು ಇಂಚು ಅಗಲ. ಹಾಲವಾಣದ ಮೆತ್ತನೆಯ ಕಟ್ಟಿಗೆಯಲ್ಲಿ ಮೈ. ಡಾಲ್ಡಾ ಡಬ್ಬಿಯ ತಗಡು ಸುತ್ತಿ ಮಾಡಿದ ಎರಡು ಹೊಗೆ ಕೊಳವೆ, ಮುಂದಿನದು ದಪ್ಪ, ಹಿಂದಿನದು ಸಣ್ಣದು. ತೋಪುಗಳಿಗೆ ದಬ್ಬಣದ ತುಂಡು, ಟಾರ್ಪಿಡೊ ಕೊಳವೆಗಳಿಗೆ ಮುಗಿದ ಬಾಲ್‌ಪೆನ್ನಿನ ರೀಫಿಲ್ಲು. ಅಂಚಿನ ಉದ್ದಕ್ಕೂ ಗುಂಡುಸೂಜಿ ನೆಟ್ಟು, ಗೋಂದು ಹಚ್ಚಿದ ದಾರ ಎಳೆದು ಕಟಾಂಜನ ಮಾಡಿದ್ದ. ಬಿಳಿ ಪೇಂಟಿಗೆ ಕಂದೀಲಿನ ಮಸಿ ಬೆರೆಸಿದ ಬೂದಿ ಬಣ್ಣ.

"ಆಟದ ಸಾಮಾನೇನು ಕಾಕಾ?" ಎಂದೆ.

"ಆಟದ್ದಲ್ಲ ಟೀಚರಮ್ಮ. ಡಿಸ್ಟ್ರಾಯರ್, ಜಪಾನಿಂದು. ಮುಟ್ಟಬ್ಯಾಡ್ರಿ, ತೋಪಿನ ಬಣ್ಣ ಇನ್ನಾ ಹಸಿ ಅದ."

ಅಳತೆಯಲ್ಲಿ ಆತ ರಾಕ್ಷಸ. ಬಡಿಗರ ಲೆಕ್ಕದಲ್ಲಿ ಇಂಚಿಗೆ ಎಂಟು ನೂಲು. ನಿಜವಾದ ಹಡಗಿನ ಒಂದು ಅಡಿಗೆ ಈತನ ಹಡಗಿನಲ್ಲಿ ಅರ್ಧ ನೂಲು. ಅದರಲ್ಲಿ ಕೂದಲೆಳೆ ಹೆಚ್ಚುಕಡಿಮೆಯಾದರೂ ಆ ತುಂಡು ಒಲೆಗೆ ಹೋಗುತ್ತಿತ್ತು. "ನನ್ನ ದಬ್ಬಣ ಎಲ್ಲಾ ತೋಪಾಗ್ಯಾವ, ಕೌದಿ ಹೊಲ್ಯಾಕ ಒಂದು ಉಳಿಸಿಲ್ಲ ಈ ಮನುಷ್ಯ" ಎಂದು ಯಂಕಮ್ಮ ಬೈಯುತ್ತಿದ್ದಳು. ದೇವದುರ್ಗದಿಂದ ಬಂದ ಆತನ ಅಣ್ಣ ಮುದುಕಪ್ಪ ಹೆಗಲ ಮೇಲಿನ ಕಂಬಳಿ ಕೂಡ ಇಳಿಸದೆ ಹಂಗಿಸುತ್ತಿದ್ದ. "ಕುರಿ ಕಾಯೋರ ಮನಿಯಾಗ ಹಡಗ ಯಾಕಲೇ? ಕುರಿ ತುಂಬಿ ಎಲ್ಲಿಗೆ ಕಳಸ್ತಿ?" ಕಾಕಾ ನಕ್ಕು ಅರದಿಂದ ಕಟ್ಟಿಗೆ ಉಜ್ಜುತ್ತಿದ್ದ. ಒಂದು ವಿಷಯಕ್ಕೆ ಮಾತ್ರ ನಗುತ್ತಿರಲಿಲ್ಲ. ಓಣಿಯ ಮಕ್ಕಳು ಹಡಗನ್ನು ಮಾವಿನಕೆರೆಯಲ್ಲಿ ತೇಲಿಬಿಡೋಣ ಎಂದರೆ ಮುಖ ಕಪ್ಪಿಟ್ಟು ಬಾಗಿಲು ಹಾಕಿಕೊಳ್ಳುತ್ತಿದ್ದ.

ಇದರ ಹಿಂದಿನ ಕಥೆಯನ್ನು ಮೊದಲು ಹೇಳಿದವಳು ಯಂಕಮ್ಮ. ನಿಜಾಮರ ಕಾಲದಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಕುರಿ ಬಿಟ್ಟು ಕಾಕಾ ಲಷ್ಕರ್ ಸೇರಿದ. ಅದೇ ದಿನ ಅದೇ ಸಾಲಿನಲ್ಲಿ ನಿಂತು ಸೇರಿದ ಇನ್ನೊಬ್ಬ ಮಾನ್ವಿ ತಾಲ್ಲೂಕು ಬಾಗಲವಾಡದ ಮೌನಪ್ಪ. ಊರಲ್ಲಾಗಿದ್ದರೆ ಇಬ್ಬರೂ ಒಂದು ಬಾವಿಯ ನೀರು ಸೇದುವಂತಿರಲಿಲ್ಲ. ಲಷ್ಕರಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡರು. ಮಲಯಾಕ್ಕೆ ಹೋದರು, ಸಿಂಗಪುರದಲ್ಲಿ ಜಪಾನಿಯರ ಕೈಗೆ ಸೆರೆ ಸಿಕ್ಕರು. 1943ರಲ್ಲಿ ಸೆರೆಯಾಳುಗಳನ್ನು ಸಾಮಾನಿನ ಹಡಗಿನಲ್ಲಿ ತುಂಬಿ ದೂರದ ದ್ವೀಪಕ್ಕೆ ಒಯ್ಯುವಾಗ ವೈರಿಗಳ ಜಲಾಂತರ್ಗಾಮಿಯ ಏಟಿಗೆ ಆ ಹಡಗು ಮುಳುಗಿತು. ಕಾವಲಿಗಿದ್ದ ಎರಡು ಡಿಸ್ಟ್ರಾಯರ್‌ಗಳು ನೀರಲ್ಲಿದ್ದವರಲ್ಲಿ ಸ್ವಲ್ಪ ಜನರನ್ನು ಎತ್ತಿಕೊಂಡವು. ಒಂದರ ಮೇಲೆ ಕಾಕಾ ಮೂರು ದಿನ ಇದ್ದ. ಇನ್ನೊಂದನ್ನು ಮೌನಪ್ಪ ಹತ್ತಿದ್ದನ್ನು ಕಣ್ಣಾರೆ ಕಂಡ. ಹಾಗಂತ ಆತನೇ 1946ರಲ್ಲಿ ತಿರುಗಿ ಬಂದಾಗ ಬಾಗಲವಾಡಕ್ಕೆ ಹೋಗಿ ಮೌನಪ್ಪನ ತಾಯಿಗೂ ಹೆಂಡತಿ ಸೂಗಮ್ಮನಿಗೂ ಹೇಳಿದ. ಹಡಗು ಹತ್ಯಾನ, ಬರ್ತಾನ.

ಸೂಗಮ್ಮನಿಗೆ ಆಗ ಇಪ್ಪತ್ತಮೂರು. ಆಕೆ ಕಾಯುತ್ತ ಕೂತಳು.

ಹಳ್ಳಿಯಲ್ಲಿ ಹಡಗು ಎಂದರೆ ಏನೆಂದು ಯಾರಿಗೆ ಗೊತ್ತು? ಹೆಂಗಿತ್ತಣ್ಣ, ಪುಟ್ಟಿಯಂಗ ದುಂಡಗಿತ್ತಾ ಎಂದು ಆಕೆ ಕೇಳಿದಳಂತೆ. ಹೊಳೆ ದಾಟಿಸುವ ಪುಟ್ಟಿ ಬಿಟ್ಟರೆ ಆಕೆ ಬೇರೇನೂ ನೋಡಿರಲಿಲ್ಲ. ಬಾಯಲ್ಲಿ ಹೇಳಿ ತಿಳಿಸಲಾಗದೆ ಕಾಕಾ ಒಂದು ಕಟ್ಟಿಗೆ ತುಂಡು ಕೆತ್ತಿ ಒಯ್ದ. ಆಕೆ ಅದನ್ನು ತಿರುಗಿಸಿ ನೋಡಿ, ಅಡುಗೆ ಎಲ್ಲಿ ಮಾಡ್ತಾರ ಎಂದಳು. ಮುಂದಿನ ಸಲ ಅಡುಗೆ ಕೋಣೆಯಿತ್ತು. ಮಲಗೂದು ಎಲ್ಲಿ, ಮಳಿ ಬಂದ್ರ ಎಲ್ಲಿ ನಿಂದರ್ತಾರ, ಹೊಗಿ ಯಾವ ಕಡಿ ಹೋಗ್ತದ. ಒಂದೊಂದು ಪ್ರಶ್ನೆಗೂ ಹಡಗು ಒಂದೊಂದು ಅಂಗ ಬೆಳೆಸಿಕೊಂಡಿತು. ಪ್ರತಿ ಯುಗಾದಿಗೆ ಹೊಸ ಹಡಗು ಒಯ್ದು ಕೊಟ್ಟು ಹಳೆಯದನ್ನು ತಿರುಗಿ ತರುತ್ತಿದ್ದ. ಹಳೆಯವು ಯಂಕಮ್ಮನ ಅಟ್ಟದ ಮೇಲೆ ಹಳೆ ಸೀರೆ ಸುತ್ತಿಕೊಂಡು ಮಲಗಿದ್ದವು.

1974ರ ಯುಗಾದಿಗೆ ನಾನೂ ಕಾಕಾನ ಜೊತೆ ಮಾನ್ವಿಗೆ ಹೋದೆ. ಅತ್ತೆ ತೀರಿಕೊಂಡ ಮೇಲೆ ಸೂಗಮ್ಮ ಊರು ಬಿಟ್ಟು ಮಾನ್ವಿಯ ಹುಡುಗರ ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ. ಹೊಸ ಹಡಗನ್ನು ತೊಡೆಯ ಮೇಲಿಟ್ಟುಕೊಂಡು ಮಗುವಿಗೆ ದೃಷ್ಟಿ ತೆಗೆಯುವವಳಂತೆ ನೋಡಿದಳು.

"ಅಂವ ಎಲ್ಲಿ ಹತ್ತಿದ ಯಣ್ಣಾ?"

ಕಾಕಾ ಹಡಗಿನ ನಡುವಿನ ಒಂದು ಜಾಗಕ್ಕೆ ಬೆರಳಿಟ್ಟ. ಅಲ್ಲಿ ಅಂಚಿನಿಂದ ಒಂದು ದಾರ ಇಳಿಬಿಟ್ಟಿದ್ದ. ದಾರದ ತುದಿಯಿಂದ ಮೇಲಿನವರೆಗೆ ಆರು ನೂಲು.

"ಹನ್ನೆರಡು ಅಡಿ" ಎಂದ.

"ಅಷ್ಟ ಏನು! ನಮ್ಮ ಹೊಲದ ಬೇವಿನ ಮರ ಇದಕ್ಕಿಂತ ಎತ್ತರ. ಅದನ್ನ ಕಣ್ಮುಚ್ಚಿ ಹತ್ತಾವ ಅಂವ" ಎಂದು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, "ಟೀಚರಮ್ಮ, ಜಪಾನಿ ಸಿಪಾಯಿ ಒಬ್ಬ ಮೂವತ್ತು ವರ್ಷ ಅಡವ್ಯಾಗಿದ್ದು ಈಗ ಹೊರಗ ಬಂದಾನಂತ, ಹಾಸ್ಟೆಲ್ ಹುಡುಗರು ಪೇಪರ್ ಓದಿ ಹೇಳಿದ್ರು. ಖರೇ ಏನು?" ಎಂದಳು. ಖರೆ ಎಂದೆ. ನಾನೂ ಅದನ್ನು ಓದಿದ್ದೆ. ಕಾಕಾ ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದ.

1976ರಲ್ಲಿ ಯಂಕಮ್ಮ ಕಾಮಾಲೆಯಿಂದ ತೀರಿಕೊಂಡಳು. ಆಮೇಲೆ ಕಾಕಾನಿಗೆ ಮಿಲ್ಲು, ಹಡಗು ಎರಡೇ. ನಾನು ಸಂಜೆ ರೊಟ್ಟಿ ಮಾಡಿದರೆ ಆತನಿಗೂ ಎರಡು ಕೊಡುತ್ತಿದ್ದೆ. ಏನು ಕೊಟ್ಟರೂ ಸುಮ್ಮನೆ ಉಂಡು ತಟ್ಟೆ ತೊಳೆದಿಡುತ್ತಿದ್ದ.

1979ರಲ್ಲಿ ಹಸೀನಾ ಬೇಗಂ ಅವರ ರದ್ದಿ ಅಂಗಡಿಯಲ್ಲಿ ನನಗೆ ಒಂದು ಇಂಗ್ಲಿಷ್ ಪತ್ರಿಕೆ ಸಿಕ್ಕಿತು. ಜಪಾನಿ ಡಿಸ್ಟ್ರಾಯರ್‌ಗಳ ಮೇಲೆ ನಾಲ್ಕು ಪುಟ, ಪಕ್ಕದಿಂದ ನೋಡಿದಂತೆ ಬರೆದ ನಕ್ಷೆ. ನಮ್ಮ ಕಾಕಾ ಇಷ್ಟು ವರ್ಷ ಬರೀ ನೆನಪಿನಿಂದ ಕೆತ್ತಿದ್ದು ಆ ನಕ್ಷೆಗೆ ಬಹುಪಾಲು ಹೊಂದುತ್ತಿತ್ತು. ಹಿಂದಿನ ತೋಪಿನ ಮನೆ ಎರಡು ನೂಲು ಮುಂದೆ ಬಂದಿತ್ತು, ಅಷ್ಟೇ. ಹೆಮ್ಮೆಯಿಂದ ಓದಿ ಹೇಳಿದೆ. ಈ ಹಡಗುಗಳಿಗೆ ಮೊದಲ ಹಿಮ, ಸಂಜೆ ಮಂಜು, ಬಿಳಿ ಮೋಡ ಎಂಬಂಥ ಹೆಸರಿಡುತ್ತಿದ್ದರಂತೆ.

"ಕೊಲ್ಲೋ ಹಡಗಿಗೆ ಇಂಥಾ ಹೆಸರೇನ್ರಿ?" ಎಂದ ಕಾಕಾ.

ಕೊನೆಯ ಸಾಲುಗಳಿಗೆ ಬಂದಾಗ ನನ್ನ ದನಿ ಇಳಿಯಿತು. ಈ ಅಚ್ಚಿನ ಇಪ್ಪತ್ತು ಹಡಗುಗಳಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಉಳಿದದ್ದು ಒಂದೇ ಎಂದು ಬರೆದಿತ್ತು. "ಕಾಕಾ, ಸೂಗಮ್ಮವ್ವನ ಗಂಡ ಹತ್ತಿದ ಹಡಗೂ ಮುಳುಗಿರಬೇಕು" ಎಂದೆ.

ಆತ ಕೈಯಲ್ಲಿನ ಅರ ಕೆಳಗಿಟ್ಟ. ಆಮೇಲೆ ಅಂದ: "ಅಂವ ಹಡಗ ಹತ್ತಲೇ ಇಲ್ಲ ಟೀಚರಮ್ಮ."

ಯುದ್ಧದಿಂದ ತಿರುಗಿ ಬಂದಾಗ ಬಾಗಲವಾಡಕ್ಕೆ ಸಾವಿನ ಸುದ್ದಿ ಹೇಳಲೆಂದೇ ಹೋಗಿದ್ದನಂತೆ. ಬಾಗಿಲಲ್ಲಿ ಸೂಗಮ್ಮ ಕಾಲಿಗೆ ನೀರು ತಂದಿಟ್ಟಳು, ಒಳಗೆ ಆಕೆಯ ಮುದುಕಿ ಅತ್ತೆ ಜ್ವರದಲ್ಲಿ ಮಲಗಿದ್ದಳು. ಬಾಯಿ ತೆರೆದರೆ ಬಂದದ್ದು ಬೇರೆಯೇ ಮಾತು. ಮುದುಕಿ ಹೋದ ಮೇಲೆ ಖರೆ ಹೇಳಿದರಾಯಿತು ಎಂದುಕೊಂಡ. ಮುದುಕಿ ಏಳು ವರ್ಷ ಬದುಕಿದಳು, ಅಷ್ಟರಲ್ಲಿ ಸುಳ್ಳು ತಿರುಗಿ ತಗೊಳ್ಳಲಾರದಷ್ಟು ಬೆಳೆದಿತ್ತು.

ನಾನು ಕೂಗಾಡಿದೆ. ನಮ್ಮ ಕಡೆ ದುಡಿದು ತಿನ್ನುವ ಮಂದಿಯಲ್ಲಿ ಗಂಡ ಸತ್ತವಳಿಗೆ ಉಡಿಕಿ ಉಂಟು. ಹೊಸ ಸೀರೆ ಉಡಿಸಿ ಇನ್ನೊಬ್ಬನ ಮನೆ ತುಂಬಿಸುತ್ತಾರೆ, ಮಕ್ಕಳು ಮರಿಯಾಗುತ್ತವೆ. ಆದರೆ ಗಂಡ ಸತ್ತಿದ್ದಾನೆ ಎಂದು ಗೊತ್ತಾಗಬೇಕಲ್ಲ! ಕವಿತಾಳದ ಒಬ್ಬ ಒಳ್ಳೆಯ ಆಳು ಎರಡು ಸಲ ಕೇಳಿ ಕಳಿಸಿದ್ದನಂತೆ. ಗಂಡ ಇರುವಾಗ ಉಡಿಕಿ ಹೇಗಾದೀತು ಎಂದು ಸೂಗಮ್ಮ ಅಣ್ಣಂದಿರನ್ನು ಬೈದು ಅಟ್ಟಿದ್ದಳು.

"ಒಂದು ಹೆಣ್ಣಿನ ಇಡೀ ಬಾಳು ತಿಂದಿಯಲ್ಲ ಕಾಕಾ! ಅತ್ತ ರಂಡಿಯೂ ಅಲ್ಲ, ಇತ್ತ ಮುತ್ತೈದೆಯೂ ಅಲ್ಲ, ಹಂಗ ನಿಲ್ಲಿಸಿಬಿಟ್ಟಿ."

"ಹೌದು" ಎಂದ. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ ಉಗುಳುವಂತಿಲ್ಲ. ಮೂವತ್ತಮೂರು ವರ್ಷ ಅದನ್ನೇ ಇಟ್ಟುಕೊಂಡಿದ್ದ.

ನಾನೇ ಒಂದು ಹಾದಿ ಹೇಳಿಕೊಟ್ಟೆ. ಹೆಚ್ಚು ಹೇಳುವುದು ಬೇಡ, ಆ ಹಡಗು ಮುಳುಗಿತಂತೆ ಎಂದು ಮಾತ್ರ ಹೇಳು. ಸುಳ್ಳು ಸುಳ್ಳಾಗಿಯೇ ಉಳಿಯಲಿ, ಆಕೆಯ ಕಾಯುವಿಕೆಯಾದರೂ ಮುಗಿಯಲಿ. ಎಷ್ಟು ಜಾಣೆ ನಾನು! ಪತ್ರಿಕೆ ಕೈಯಲ್ಲಿ ಹಿಡಿದು ಇಬ್ಬರೂ ಮಾನ್ವಿ ಬಸ್ಸು ಹತ್ತಿದೆವು. ಕಾಕಾ ತೊದಲಿದ, ನಾನು ಓದಿದೆ. ಇಪ್ಪತ್ತು ಹಡಗು, ಉಳಿದದ್ದು ಒಂದು. ಸೂಗಮ್ಮ ಹಿಟ್ಟಿನ ಕೈ ತೊಳೆದುಕೊಂಡು ಬಂದು ಕೂತು ಪೂರ್ತಿ ಕೇಳಿದಳು. ಸ್ವಲ್ಪ ಹೊತ್ತು ಸೆರಗು ಬಾಯಿಗೆ ಹಿಡಿದಳು. ಆಮೇಲೆ ಅವಳ ಮುಖ ಅರಳಿತು.

"ಒಂದು ಉಳೀತಲ್ಲವ್ವ? ಹಂಗಾರ ಅದ ಇರಬೇಕು."

ಆ ವರ್ಷದ ಹಡಗಿನಲ್ಲಿ ಕಾಕಾ ಹಿಂದಿನ ತೋಪಿನ ಮನೆಯನ್ನು ಎರಡು ನೂಲು ಹಿಂದಕ್ಕೆ ಸರಿಸಿದ.

ಇನ್ನು ನಾನು ಮಾಡಿದ ತಪ್ಪು. 1981, ಮಾನಮಿ ಅಮಾವಾಸ್ಯೆ. ಅವತ್ತು ನಮ್ಮ ಕಡೆ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಒಬ್ಬೊಬ್ಬರಿಗೆ, ಗಂಡಹೆಂಡಿರಾದರೆ ಜೋಡಿಗೆ, ಒಂದೊಂದು ಎಲೆ, ಅವರವರು ಇಷ್ಟಪಟ್ಟದ್ದನ್ನು ಬಡಿಸಿ, ಊದುಬತ್ತಿ ಹಚ್ಚಿ, ಬಾಗಿಲು ಮುಂದೂಡಿ ಮನೆಯವರೆಲ್ಲ ಹೊರಗೆ ಕೂಡುತ್ತಾರೆ. ಹಿರಿಯರು ಬಂದು ಉಂಡು ಹೋಗುವವರೆಗೆ ಯಾರೂ ಒಳಗೆ ಕಾಲಿಡಬಾರದು. ನಮ್ಮ ಮನೆಯಲ್ಲಿ ಇದೆಲ್ಲ ನಿಂತು ಬಹಳ ಕಾಲವಾಗಿತ್ತು. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷವೇ ಎಡೆಯ ಎಲೆಗಳನ್ನು ಹೊರಗೆ ಎಸೆದಿದ್ದ. ನಾನು ಆ ಶಾಸ್ತ್ರವನ್ನು ನೆನಪಿಡುವ ಗೋಜಿಗೂ ಹೋಗಿರಲಿಲ್ಲ.

ಮಧ್ಯಾಹ್ನ ಹನ್ನೆರಡೂವರೆ. ಕಾಕಾ ಪಡಸಾಲೆಯಲ್ಲಿ ಎಡೆ ಇಟ್ಟು ಬಾಗಿಲು ಮುಂದೂಡಿ, ಕಾಗೆಗೆ ತುತ್ತು ಇಡಲು ಓಣಿಯ ತುದಿಗೆ ಹೋಗಿದ್ದ. ನಾನು ಕಟ್ಟೆಯ ಮೇಲೆ ಮಕ್ಕಳ ಪರೀಕ್ಷೆ ಪೇಪರು ತಿದ್ದುತ್ತಿದ್ದೆ. ಸೂಗಮ್ಮ ಬಿಸಿಲಲ್ಲಿ ಬೆವರುತ್ತ ಬಂದಳು. ಗಂಡ ಬೇಗ ಬರಲಿ ಎಂದು ದೇವಸುಗೂರಿಗೆ ಹೋಗಿ ಸೂಗೂರೇಶ್ವರನಿಗೆ ಕಾಯಿ ಒಡೆಸಿಕೊಂಡು ಬಂದಿದ್ದಳು. ಮಾನ್ವಿ ಬಸ್ಸು ತಪ್ಪಿತ್ತು.

"ಗಂಟಲು ಒಣಗ್ಯದ ಟೀಚರಮ್ಮ. ನೀರು ಕೊಡವ್ವ."

"ಒಳಗ ಗಡಿಗ್ಯಾಗ ತಂಪು ನೀರು ಅದಾವ ನೋಡು ಯವ್ವಾ, ತಗೋ ಹೋಗು" ಎಂದೆ, ಪೇಪರಿನಿಂದ ತಲೆ ಎತ್ತದೆ.

ಆಕೆ ಬಾಗಿಲು ತೆರೆದಳು. ಒಳಗಿನಿಂದ ಸದ್ದಿಲ್ಲ. ನೀರು ಕುಡಿಯಲು ಇಷ್ಟು ಹೊತ್ತೇ ಎಂದು ಎದ್ದು ಹೋದೆ. ಗೋಡೆಗೆ ಸಾಲಾಗಿ ಮೂರು ಎಡೆ. ಕಾಕಾನ ಅಪ್ಪ ಅವ್ವನ ಎಲೆಯ ಪಕ್ಕದಲ್ಲಿ ಧೋತರ, ಸೀರೆ. ಯಂಕಮ್ಮನ ಎಲೆಯ ಪಕ್ಕ ಕುಬಸದ ಖಣ. ಮೂರನೆಯ ಎಲೆ ಅರ್ಧ ಕೆತ್ತಿದ ಹಡಗಿನ ಮುಂದೆ. ಸೂಗಮ್ಮ ಆ ಎಲೆಯ ಮುಂದೆ ಕೂತಿದ್ದಳು. ಎಲೆಯ ಮೇಲೆ ಹೋಳಿಗೆ, ಅದರ ಮೇಲೆ ದಪ್ಪಗೆ ಹಚ್ಚಿದ ಕೆಂಪು ಖಾರ.

"ಹೋಳಿಗಿಗೆ ಖಾರ ಹಚ್ಚಿಕೊಂಡು ತಿನ್ನಾವ ಒಬ್ಬನ ಇದ್ದ" ಎಂದಳು. "ಮದಿವ್ಯಾಗ ಮಂದಿ ಎಲ್ಲಾ ನಕ್ಕಿದ್ರು."

ಅಷ್ಟರಲ್ಲಿ ಕಾಕಾ ಹಿಂದೆ ಬಂದು ನಿಂತಿದ್ದ. ಕೈಯಲ್ಲಿನ ತಟ್ಟೆ ಬಿತ್ತು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಅನ್ನುತ್ತಾರೆ. ನೀರಿಗೆಂದು ಆಕೆಯನ್ನು ಖರೆಯ ಎದುರಿಗೆ ಕಳಿಸಿದವಳು ನಾನು.

"ಹೇಳು" ಎಂದಳು ಸೂಗಮ್ಮ. ತಿರುಗಿ ನೋಡಲಿಲ್ಲ.

ಆತ ನಿಂತೇ ಹೇಳಿದ. ಮುಂಜಾನೆ ಇಬ್ಬರೂ ಒಂದೇ ಹಲಗೆ ಹಿಡಿದು ತೇಲುತ್ತಿದ್ದರು. ಹಡಗು ಬಂದು ನಿಂತು ಹಗ್ಗ ಬಿಟ್ಟಿತು. ಮೌನಪ್ಪನ ಎಡಗೈ ಸುಟ್ಟಿತ್ತು. ನೀ ಮೊದಲು ಹತ್ತಿ ಮೇಲಿಂದ ಜಗ್ಗು ಅಂದ. "ಹನ್ನೆರಡು ಅಡಿ ಹತ್ತಿದೆ ತಂಗೆವ್ವ. ಮ್ಯಾಲ ಕಾಲಿಟ್ಟೆ, ಸೀಟಿ ಊದಿದ್ರು, ಹಡಗ ಹೊಂಟುಬಿಡ್ತು. ನೀರಿನ ತಳದಾಗ ಮತ್ತೊಂದು ವೈರಿ ಹಡಗ ಅದ ಅಂತ ಅವರಿಗೆ ಅಂಜಿಕಿ. ಅಂವ ಹಗ್ಗದ ತುದಿ ಒಂದ ಕೈಲೆ ಹಿಡಿದಿದ್ದ. ಸ್ವಲ್ಪ ದೂರ ಬಂದ. ಆಮ್ಯಾಲ ಕೈ ಬಿಟ್ಟ. ನಾ ಜಗ್ಗಬೇಕಂದ್ರ ಹಿಂದಿನಿಂದ ನನ್ನ ಹಿಡಕೊಂಡಿದ್ರು. ಅವರನ್ನ ಒದ್ದು ನೀರಿಗೆ ಹಾರಬಹುದಿತ್ತು. ಹಾರಲಿಲ್ಲ."

ಸೂಗಮ್ಮ ಅಳಲಿಲ್ಲ. "ಎಷ್ಟು ವರ್ಷಾತು ಇದನ್ನ ಇಡಾಕತ್ತು?" ಎಂದಳು, ಎಲೆ ತೋರಿಸಿ.

"ಬಂದ ವರ್ಷದಿಂದ. ಮೂವತ್ತೈದು. ಲಷ್ಕರಿನ್ಯಾಗ ಸತ್ತೋರಿಗೆ ಅಂತ ಮನ್ಯಾಗ ಹೇಳಿದ್ದೆ."

"ಖಾರದ್ದು ಯಾರು ಹೇಳಿದ್ರು ನಿನಗ?"

"ಅಂವನ. ಸೆರಿಯಾಗ ಹಸಿದಾಗ ಬರೇ ಉಣ್ಣೂದರ ಮಾತೇ ಆಡ್ತಿದ್ವಿ."

ಆಕೆ ತಲೆಯಾಡಿಸಿದಳು. "ಮೂವತ್ತೈದು ವರ್ಷ ನೀ ಉಣಿಸಿದಿ. ನಮ್ಮ ಓಣ್ಯಾಗ ಎಲ್ಲಾರು ತಮ್ಮೋರಿಗೆ ಎಡಿ ಇಡುವಾಗ ನಾ ಬಾಗಲಾಗ ಕುಂತು ಹಾದಿ ನೋಡಿದೆ. ನನ್ನ ಕೈಯ ಒಂದು ತುತ್ತು ಅವನ ಬಾಯಿಗೆ ಬೀಳಲಿಲ್ಲ. ಹೇಣ್ತಿ ಮರತಾಳ ಅಂದುಕೊಂಡಾನ ಅಲ್ಲೇನು?"

ಕಾಕಾ ಆಕೆಯ ಕಾಲಿನ ಹತ್ತಿರ ಕುಸಿದ. ಆಕೆ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಇನ್ನ ನೀ ಇಡಬ್ಯಾಡ. ಅಂವ ನನ್ನ ಗಂಡ." ಎದ್ದು ನೀರು ಕೂಡ ಕುಡಿಯದೆ ಬಸ್ ಸ್ಟ್ಯಾಂಡಿಗೆ ಹೋದಳು. ನಾನು ಹಿಂದೆ ಓಡಿದೆ. "ಬರಬ್ಯಾಡವ್ವ" ಎಂದಳು, ನಿಂತುಬಿಟ್ಟೆ.

ಒಂದು ತಿಂಗಳಾದ ಮೇಲೆ ಕಾಕಾ ಬರಿಗೈಯಲ್ಲಿ ಮಾನ್ವಿಗೆ ಹೋದ. ಆಕೆಯ ಹಣೆ, ಕೈ ಎರಡೂ ಬೋಳಾಗಿದ್ದವಂತೆ. ಬಳೆ ತಾನೇ ಒಡೆದುಕೊಂಡಿದ್ದಳು, ಶಾಸ್ತ್ರ ಮಾಡಿಸುವವರು ಯಾರೂ ಇರಲಿಲ್ಲ. ಕಾಲಿಗೆ ನೀರು ಕೊಟ್ಟಳು, ಮಾತು ಕೊಡಲಿಲ್ಲ. ಸಂಜೆಯವರೆಗೆ ಕೂತು ಎದ್ದು ಬಂದ. ಅಲ್ಲಿಂದ ಮುಂದೆ ಆತ ಅರ ಮುಟ್ಟಲಿಲ್ಲ. ಅರ್ಧ ಕೆತ್ತಿದ ಹಡಗಿನ ಮೇಲೆ ಧೂಳು ಕೂತಿತು, ಒರೆಸಲು ಹೋದರೆ ಬೇಡ ಎಂದ. ಮರುವರ್ಷದ ಅಮಾವಾಸ್ಯೆಗೆ ಎರಡೇ ಎಡೆ ಇಟ್ಟು ಕಟ್ಟೆಯ ಮೇಲೆ ಬಂದು ನನ್ನ ಪಕ್ಕ ಕೂತ. "ಆಕಿ ಇಟ್ಟಿರ್ತಾಳ ಅಲ್ರೀ?" ಎಂದು ಕೇಳಿದ. ಇಟ್ಟಿರ್ತಾಳ ಎಂದೆ. ಇಬ್ಬರ ನಡುವೆ ನಾನು ಪತ್ರ ಬರೆದು, ಹೋಗಿ ಬಂದು, ಬೇಡಿಕೊಂಡು ಎಲ್ಲ ಮಾಡಿದೆ. ಸ್ವಲ್ಪ ದಿನ ತಡೆಯವ್ವ ಎನ್ನುವುದೊಂದೇ ಆಕೆಯ ಉತ್ತರ.

ಆ ಸ್ವಲ್ಪ ದಿನವೂ ಕಾಕಾನ ಹತ್ತಿರ ಉಳಿದಿರಲಿಲ್ಲ. 1984ರ ಬೇಸಿಗೆಯಲ್ಲಿ, ಹತ್ತಿ ಧೂಳು ಕುಡಿದ ಎದೆ ಕೈಕೊಟ್ಟಿತು. ಎಂಟು ದಿನ ಮಲಗಿದ, ಒಂಬತ್ತನೆಯ ದಿನ ಹೋದ. ದೇವದುರ್ಗದಿಂದ ಅಣ್ಣನ ಮಕ್ಕಳು ಬಂದು ಮಣ್ಣು ಮಾಡಿ ಹೋದರು. ಮಾನ್ವಿಗೆ ನಾನು ಬರೆದ ಕಾಗದ ತಡವಾಗಿ ಮುಟ್ಟಿತು.

ಆ ವರ್ಷದ ಮಾನಮಿ ಅಮಾವಾಸ್ಯೆಯ ಬೆಳಿಗ್ಗೆ ಸೂಗಮ್ಮ ಬಂದಳು. ಚೀಲದಲ್ಲಿ ಕಡಲೆಬೇಳೆ, ಬೆಲ್ಲ, ಬಾಳೆಲೆ. ತನ್ನ ಗಂಡನ ಎಡೆಯನ್ನು ನಸುಕಿನಲ್ಲೇ ಎದ್ದು ಇಟ್ಟು ಬಂದಿದ್ದಳು. ನನ್ನ ಒಲೆ ಹಚ್ಚಿ, ಸೆರಗು ಸಿಕ್ಕಿಸಿ, "ಇವಂಗೂ ಯಾರಾರ ಇಡಬೇಕಲ್ಲ" ಎಂದಳು. ನಾನು ಬೇಡ ಎನ್ನಲಿಲ್ಲ. ಅಪ್ಪ ಇದ್ದಿದ್ದರೆ ಬೈಯುತ್ತಿದ್ದ. ನಾನೇ ನೆಲ ಸಾರಿಸಿದೆ, ಆಕೆ ಎಲೆ ಹಾಸಿದಳು.

ಆಮೇಲೆ ನನ್ನ ಮುಖ ನೋಡಿ ಕೇಳಿದಳು: "ಉಣ್ಣಾಕ ಇವಂಗ ಏನು ಸೇರ್ತಿತ್ತು ಟೀಚರಮ್ಮ?"

ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದೆ. ಆತ ಯಾವ ಬಣ್ಣಕ್ಕೆ ಎಷ್ಟು ಮಸಿ ಬೆರೆಸುತ್ತಿದ್ದ, ಕಟಾಂಜನಕ್ಕೆ ಎಷ್ಟು ಗುಂಡುಸೂಜಿ ನೆಡುತ್ತಿದ್ದ, ಎಲ್ಲ ಬಲ್ಲೆ. ಇದು ಗೊತ್ತಿರಲಿಲ್ಲ. ಯಂಕಮ್ಮನಿಗೆ ಗೊತ್ತಿತ್ತೇನೋ. ಏನು ಕೊಟ್ಟರೂ ಸುಮ್ಮನೆ ಉಣ್ಣುತ್ತಿದ್ದ ಎಂದೆ. ಸೂಗಮ್ಮ ಸೌಟು ಹಿಡಿದುಕೊಂಡು ಬರಿ ಎಲೆಯ ಮುಂದೆ ನಿಂತಳು. ಮೂವತ್ತೆಂಟು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲವಲ್ಲ ನಾನು ಎಂದು ಆಗ ಅತ್ತಳು. ನಾನೂ ಅತ್ತೆ. ಕೊನೆಗೆ ಬರೀ ಅನ್ನ, ಸಾರು, ಏನೂ ಹಚ್ಚದ ಒಂದು ಹೋಳಿಗೆ ಇಟ್ಟೆವು. ಬಾಗಿಲು ಮುಂದೂಡಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತೆವು.